ಜೋಸೆಫ್ ಮುಂಡಶ್ಶೇರಿ

ಮಕ್ಕಳಿಗೆ ವಿದ್ಯೆಯನ್ನು ಧಾರೆಯೆರೆಯುವ ಉಪಾಧ್ಯಾಯನೇ ಅರೆಹೊಟ್ಟೆಯಲ್ಲಿ ಬಾಳುವಂತಾದರೆ ನಾಡು ಏಳಿಗೆ ಹೊಂದುವುದೆಂತು? ಈ ಪ್ರಶ್ನೆಗೆ ಶಾಸನದ ಮೂಲಕ ಉತ್ತರ ನೀಡಲು ಹೊರಟವರು ಕೇರಳದ ಜೋಸೆಫ್ ಮುಂಡಶ್ಶೇರಿಯವರು.

ತ್ರಿಶೂರಿನ ಸಮೀಪದ ಕಂಡಶ್ಶಾಂಕಡವಿನಲ್ಲಿ 1903ರಲ್ಲಿ ಜನಿಸಿದ ಅವರು ಭೌತವಿಜ್ಞಾನದಲ್ಲಿ ಪದವಿ ಪಡೆದರೂ ಮನಸೋತದ್ದು ಸಾಹಿತ್ಯಕ್ಕೆ. ಸಂಸ್ಕೃತ ಮತ್ತು ಮಲಯಾಳಗಳಲ್ಲಿ ಎಂ.ಎ. ಪದವಿ ಗಳಿಸಿ, ತ್ರಿಶೂರಿನ ಸೇಂಟ್ ಥಾಮಸ್ ಕಾಲೇಜಿನಲ್ಲಿ 1952ರವರೆಗೆ ಅಧ್ಯಾಪಕರಾಗಿದ್ದರು. ನಿರ್ಭೀತ ವಿಮರ್ಶಕರೆಂದು ಹೆಸರಾದರು. 1948ರಲ್ಲಿ ಕೊಚ್ಚಿಯ ಶಾಸನಸಭೆಗೂ 1954ರಲ್ಲಿ ತಿರುವಾಂಕೂರು-ಕೊಚ್ಚಿ ಶಾಸನಸಭೆಗೂ ಚುನಾಯಿತರಾದರು.

1957ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಸಂಪುಟದಲ್ಲಿ ಅವರು ವಿದ್ಯಾಮಂತ್ರಿಗಳಾದರು. ಆಗ ಖಾಸಗಿ ಶಾಲೆಗಳ ಉಪಾಧ್ಯಾಯರ ಬದುಕು ಆಡಳಿತಗಾರರ ಮರ್ಜಿಯನ್ನು ಅವಲಂಬಿಸಿತ್ತು. ಸರ್ಕಾರವೇ ನೇರವಾಗಿ ಅವರಿಗೆ ವೇತನ ಕೊಡಬೇಕೆಂಬ ವಿಧೇಯಕವನ್ನು ಮುಂಡಶ್ಶೇರಿಯವರು ಮಂಡಿಸಿದರು. ಆಡಳಿತ ಮಂಡಳಿಗಳು ಕೆರಳಿದವು. ಸ್ವತಃ ಕ್ರೈಸ್ತರಾದ ಅವರು ಕ್ರೈಸ್ತ ಸಭೆಯ ವಿರೋಧವನ್ನೂ ಎದುರಿಸಬೇಕಾಯಿತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಅಲ್ಪಸಂಖ್ಯಾತರ ಹಕ್ಕಿಗೆ ಬಾಧಕವಾದ ಕೆಲವು ಅಂಶಗಳನ್ನು ನ್ಯಾಯಾಲಯವು 1958ರಲ್ಲಿ ಒಪ್ಪಲಿಲ್ಲ. ತಿದ್ದುಪಡಿಯಾದ ವಿಧೇಯಕಕ್ಕೆ 1959ರಲ್ಲಿ ಅಂಕಿತ ದೊರೆಯಿತು. ಆದರೆ ಚಳವಳಿಯು ತೀವ್ರಗೊಂಡು, ಅದೇ ವರ್ಷದ ಜುಲೈ 31ರಂದು ಸರ್ಕಾರವೇ ವಜಾ ಆಯಿತು.

ಮುಂದೆ 1971ರಲ್ಲಿ ಅವರು ಕೊಚ್ಚಿ ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಗಳಾದರು; 1977ರಲ್ಲಿ ನಿಧನರಾದರು. ಮಂತ್ರಿಪದವಿಯು ಎರಡು ವರ್ಷಗಳಲ್ಲಿ ಕೈತಪ್ಪಿತು. ಆದರೆ ಸಾವಿರಾರು ಉಪಾಧ್ಯಾಯರಿಗೆ ತಲೆಯೆತ್ತಿ ಪಾಠ ಹೇಳುವ ಧೈರ್ಯವನ್ನು ಆ ಪದವಿಯಲ್ಲಿದ್ದಾಗ ಅವರು ಮಾಡಿದ ಕೆಲಸವು ತಂದುಕೊಟ್ಟಿತು.