ರಾಬರ್ಟ್ ಲಾ ಫಾಲೆಟ್

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಭಾಗದಲ್ಲಿ, ಮಿಷಿಗನ್ ಮಹಾಸರೋವರದ ಪಡುವಣ ದಡಕ್ಕೆ ತಾಗಿಕೊಂಡು ವಿಸ್ಕಾನ್ಸಿನ್ ಎಂಬ ರಾಜ್ಯವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ದಟ್ಟವಾದ ಪೈನ್ ಕಾಡುಗಳ ನಾಡು. ಕಾಡು ಕಡಿದ ಕಡೆಗಳಲ್ಲಿ ಗೋಧಿಯ ಹೊಲ, ಹಸುಗಳ ಹುಲ್ಲುಗಾವಲು. ಹೊಲದ ಗೋಧಿಯನ್ನೂ ಕಾಡಿನ ಮೋಪನ್ನೂ ದೂರದ ಪೇಟೆಗೆ ಸಾಗಿಸಲು ರೈಲನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಸಾಗಣೆಯ ದರವನ್ನು ರೈಲ್ವೆ ಕಂಪನಿ ಗೊತ್ತುಮಾಡುತ್ತಿತ್ತು. ಆ ಕಂಪನಿಗೆ ಮೂಗುದಾರ ಹಾಕಬೇಕಾದ ಶಾಸಕರನ್ನೂ ಬಹುಮಟ್ಟಿಗೆ ಕಂಪನಿಯೇ ಗೊತ್ತುಮಾಡುತ್ತಿತ್ತು.

ಈ ನಾಡಿನ ಪ್ರಿಮ್‌ರೋಸ್ ಎಂಬ ಗ್ರಾಮದಲ್ಲಿ, ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಮನೆಯೊಂದರಲ್ಲಿ, 1855ರ ಜೂನ್ 14ರಂದು ರಾಬರ್ಟ್ ಲಾ ಫಾಲೆಟ್ ಹುಟ್ಟಿದನು. ತಂದೆ ತೀರಿಕೊಂಡಾಗ ಮಗುವಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ತಾಯಿ ಮರುಮದುವೆಯಾದಳು, ಮಲತಂದೆ ಬಹಳ ನಿಷ್ಠುರ ಸ್ವಭಾವದವನು. ಹುಡುಗನು ಶಾಲೆಯಲ್ಲಿ ಪಾಠ ಹೇಳಿ ಹಣ ಕೂಡಿಸುತ್ತ ಮ್ಯಾಡಿಸನ್ ಪಟ್ಟಣದ ವಿಶ್ವವಿದ್ಯಾನಿಲಯದಲ್ಲಿ ಓದಿದನು. ಅಂಕಗಳಲ್ಲಿ ಅವನು ಮುಂದಿರಲಿಲ್ಲ. ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಷೇಕ್ಸ್‌ಪಿಯರನ ಖಳಪಾತ್ರ ಇಯಾಗೋವನ್ನು ಕುರಿತು ಮಾಡಿದ ಭಾಷಣಕ್ಕೆ 1879ರಲ್ಲಿ ಅಂತರರಾಜ್ಯ ಸ್ಪರ್ಧೆಯ ಮೊದಲ ಬಹುಮಾನ ದೊರೆಯಿತು. ಸಹಪಾಠಿಯಾಗಿದ್ದ ಬೆಲ್ ಕೇಸ್ ಮುಂದೆ ಅವನ ಮಡದಿಯಾದಳು. ಆ ವಿಶ್ವವಿದ್ಯಾನಿಲಯದಲ್ಲಿ ಕಾನೂನಿನ ಪದವಿ ಪಡೆದ ಮೊದಲ ಮಹಿಳೆ ಆಕೆಯೇ. ಗಂಡನ ಭಾಷಣಗಳನ್ನು ತಿದ್ದುವ ಅಧಿಕಾರ ಆಕೆಗಿತ್ತು.

ಕಾಲೇಜು ಸೇರುವುದಕ್ಕೆ ಮೊದಲೇ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಮುಂದೆ ರಾಜ್ಯದ ಮುಖ್ಯ ನ್ಯಾಯಾಧೀಶನಾದ ಎಡ್ವರ್ಡ್ ರಯನ್ ಮಾಡಿದ ಒಂದು ಭಾಷಣವನ್ನು ಅವನು ಕೇಳಿದ್ದನು. ದೊಡ್ಡ ಕಂಪನಿಗಳಲ್ಲಿ ಗುಡ್ಡೆಯಾಗುತ್ತಿರುವ ಸಂಪತ್ತು ಮುಂದೊಂದು ದಿನ ಸರಕಾರವನ್ನೇ ತನ್ನ ಕೈಕೆಳಗೆ ಇರಿಸಿಕೊಳ್ಳಲು ಹವಣಿಸೀತೆಂಬುದು ಆ ಭಾಷಣದ ತಿರುಳು. ಆಗ ಬಿದ್ದ ಬೀಜ ಮೊಳೆಯಲು ಬಹಳ ಕಾಲ ಹಿಡಿಯಿತು. ವಕೀಲನಾಗಿ, ಜಿಲ್ಲೆಯ ಸರಕಾರಿ ಅಭಿಯೋಜಕನಾಗಿ, ಅನಂತರ ಆರು ವರ್ಷ ರಾಷ್ಟ್ರದ ಪ್ರತಿನಿಧಿ ಸಭೆಯ ಸದಸ್ಯನಾಗಿ ಅವನು ರಿಪಬ್ಲಿಕನ್ ಪಕ್ಷದ ವಿಧೇಯ ಕಾರ್ಯಕರ್ತನಾಗಿಯೇ ಇದ್ದನು. 1890ರ ಚುನಾವಣೆಯಲ್ಲಿ ಸೋತು ಊರಿಗೆ ಮರಳಿದನು.

ಮರುವರ್ಷ ಅವನ ಬಾಳಿನ ದಿಕ್ಕನ್ನು ಬದಲಿಸಿದ ಘಟನೆ ನಡೆಯಿತು. ರಾಜ್ಯದ ಖಜಾನೆಯ ಅಧಿಕಾರಿಗಳು ಸರಕಾರದ ಹಣವನ್ನು ಬ್ಯಾಂಕುಗಳಲ್ಲಿಟ್ಟು ಅದರ ಬಡ್ಡಿಯನ್ನು ತಾವೇ ಉಣ್ಣುತ್ತಿದ್ದರೆಂದು ಮೊಕದ್ದಮೆ ಹೂಡಲಾಗಿತ್ತು. ಅವರಿಗೆ ಜಾಮೀನಾಗಿದ್ದವರಲ್ಲಿ ಫಿಲೆಟಸ್ ಸಾಯರ್ ಒಬ್ಬನು. ಅವನು ಮೋಪಿನ ವ್ಯಾಪಾರದಲ್ಲಿ ಕೋಟ್ಯಧೀಶನಾದವನು, ಸೆನೆಟರ್, ಪಕ್ಷದ ಹಿರಿಯ ಯಜಮಾನ. ನ್ಯಾಯಾಧೀಶನು ಲಾ ಫಾಲೆಟನ ಸೋದರಿಯ ಗಂಡ. ಸಾಯರ್ ಮಿಲ್ವಾಕಿ ನಗರದ ಹೋಟೆಲೊಂದಕ್ಕೆ ಲಾ ಫಾಲೆಟನನ್ನು ಕರೆಸಿಕೊಂಡನು. ನ್ಯಾಯಾಧೀಶನ ಮನಸ್ಸನ್ನು ತಿರುಗಿಸಲು ತನಗೆ ಹಣ ನೀಡಬಂದನೆಂದು ಲಾ ಫಾಲೆಟ್ ಬಹಿರಂಗವಾಗಿ ಆರೋಪಿಸಿದನು. ಅವನನ್ನು ವಕೀಲನಾಗಿ ನೇಮಿಸಿಕೊಳ್ಳಲು ಮಾತ್ರ ಬಯಸಿದ್ದೆನೆಂದು ಸಾಯರ್ ಸಾಧಿಸಿದನು. ಕೋಣೆಯಲ್ಲಿ ಮೂರನೆಯ ಸಾಕ್ಷಿಯಿರಲಿಲ್ಲ. ಪಕ್ಷದ ಪತ್ರಿಕೆಗಳು ಲಾ ಫಾಲೆಟನ ಮೇಲೆ ಮುಗಿಬಿದ್ದವು, ಹಳೆಯ ಗೆಳೆಯರು ಕಂಡೂ ಕಾಣದಂತೆ ನಡೆದರು. ಅಂದಿನಿಂದ ಅವನು ಪಕ್ಷವನ್ನು ಬಿಡದೆಯೇ ಪಕ್ಷದ ಯಜಮಾನರೊಡನೆ ಹೋರಾಟಕ್ಕೆ ನಿಂತನು.

ಆ ಯಜಮಾನಿಕೆ ನಡೆಯುತ್ತಿದ್ದ ಬಗೆಯನ್ನು ತಿಳಿಯಬೇಕು. ವಿಸ್ಕಾನ್ಸಿನ್ನಿನಲ್ಲಿ ಸಾಮಾನ್ಯವಾಗಿ ಗೆಲ್ಲುತ್ತಿದ್ದುದು ರಿಪಬ್ಲಿಕನ್ ಪಕ್ಷ. ಆದುದರಿಂದ ಆ ಪಕ್ಷದ ಉಮೇದುವಾರನೇ ಹೆಚ್ಚುಕಡಮೆ ಗವರ್ನರ್. ಅಲ್ಲಿ ಗವರ್ನರ್ ಎಂದರೆ ಜನರೇ ಆರಿಸುವ ರಾಜ್ಯದ ಆಡಳಿತ ಮುಖ್ಯಸ್ಥ. ಉಮೇದುವಾರನನ್ನು ಗೊತ್ತುಪಡಿಸುತ್ತಿದ್ದವರಾದರೋ ಮತದಾರರಲ್ಲ, ಸಮ್ಮೇಳನಕ್ಕೆ ಬರುವ ಕೆಲವು ನೂರು ಪ್ರತಿನಿಧಿಗಳು. ಲಕ್ಷಾಂತರ ಮತದಾರರನ್ನು ಕೊಳ್ಳಲು ಯಾವ ಕಂಪನಿಗೂ ಶಕ್ತಿಯಿಲ್ಲ. ಕೆಲವು ನೂರು ಮಂದಿಯನ್ನು ಒಲಿಸಿಕೊಳ್ಳುವುದು ಅಷ್ಟು ಕಷ್ಟವಲ್ಲ. ಎಲ್ಲ ಸಲವೂ ನೋಟಿನ ಕಂತೆಯೇ ಬೇಕೆಂದಿಲ್ಲ. ರೈಲಿನಲ್ಲಿ ಪುಕ್ಕಟೆ ಓಡಾಡುವ ಪಾಸು, ಬಂಧುವಿಗೊಂದು ನೌಕರಿ, ಚುನಾವಣೆಯ ವೆಚ್ಚಕ್ಕೆ ನೆರವು ಸಾಕು. ರೈಲ್ವೆಯ ಉಪ್ಪು ತಿಂದ ಶಾಸಕನು ರೈಲ್ವೆಯ ವಿರುದ್ಧ ಕೈ ಎತ್ತುವುದಾದರೂ ಹೇಗೆ?

1896ರಲ್ಲಿ ಲಾ ಫಾಲೆಟ್ ಗವರ್ನರ್ ಪದವಿಗೆ ಪಕ್ಷದ ಒಪ್ಪಿಗೆ ಕೇಳಿದನು. ಸಮ್ಮೇಳನ ಅವನನ್ನು ಸೋಲಿಸಿತು. ಹಿಂದಿನ ರಾತ್ರಿ ಹಣ ಕೈಬದಲಾಯಿತೆಂದು ಅವನು ಕೊನೆಯವರೆಗೂ ನಂಬಿದ್ದನು. 1898ರಲ್ಲಿಯೂ ಸೋತನು. ಈ ನಡುವೆ ಅವನು ಜಾತ್ರೆಯಂತೆ ಸೇರುವ ಜಿಲ್ಲಾ ಕೃಷಿ ಮೇಳಗಳಿಗೆ ಹೋಗಿ, ಗಾಡಿಯ ಮೇಲೆ ನಿಂತು ರೈತರಿಗೆ ವ್ಯವಸ್ಥೆಯ ಒಳಗುಟ್ಟನ್ನು ಬಿಡಿಸಿ ಹೇಳತೊಡಗಿದನು. ಉಮೇದುವಾರರನ್ನು ಸಮ್ಮೇಳನದಲ್ಲಿ ಅಲ್ಲ, ಮತದಾರರೇ ಗುಪ್ತಮತದಿಂದ ಆರಿಸಬೇಕೆಂಬುದು ಅವನ ಬೇಡಿಕೆ. ಇದಕ್ಕೆ ಪ್ರಾಥಮಿಕ ಚುನಾವಣೆಯೆಂದು ಹೆಸರು.

1900ರಲ್ಲಿ ಅವನು ಒಂದು ಲಕ್ಷಕ್ಕೂ ಹೆಚ್ಚಿನ ಮತಗಳ ಅಂತರದಿಂದ ಗೆದ್ದು ಗವರ್ನರ್ ಆದನು. ಆದರೆ ಗೆದ್ದ ಬಗೆಯನ್ನು ಮುಚ್ಚಿಡಬಾರದು. ಆ ವರ್ಷ ಅವನು ಮಾತಿನ ಮೊನಚನ್ನು ತಗ್ಗಿಸಿದ್ದನು. ಹಿಂದೆ ಬೈದವರೊಡನೆ ಸಂಧಾನ ಮಾಡಿಕೊಂಡಿದ್ದನು. ಅವನ ಬೆನ್ನಿಗೆ ಹಣದ ಚೀಲ ಹಿಡಿದು ನಿಂತವನು ಐಸಾಕ್ ಸ್ಟೀಫನ್‌ಸನ್. ಸಾಯರನಂತೆಯೇ ಮೋಪಿನಿಂದ ಕೋಟಿ ಗಳಿಸಿದವನು, ಸೆನೆಟರ್ ಪದವಿ ತನಗೆ ದಕ್ಕಲಿಲ್ಲವೆಂದು ಪಕ್ಷದ ಯಜಮಾನರ ಮೇಲೆ ಮುನಿದಿದ್ದವನು. ಧನಬಲವನ್ನು ಎದುರಿಸಲು ಧನಿಕನ ನೆರವೇ ಬೇಕಾಯಿತು. ಬರಿಗೈಯಲ್ಲಿ ಎರಡು ಸಲ ಸೋತವನು ಮೂರನೆಯ ಸಲ ಹಾಗೆ ಮಾಡಿದ್ದು ಅರ್ಥವಾಗುವಂಥದು; ಆದರೂ ಅದು ಅವನ ಬಾಳಿನ ಒಂದು ತೊಡಕಾಗಿಯೇ ಉಳಿಯಿತು.

ಅಧಿಕಾರಕ್ಕೆ ಬಂದ ಮೇಲೆ ಸಂಧಾನದ ಬಣ್ಣ ಬಯಲಾಯಿತು. ಅವನ ಮಸೂದೆಗಳನ್ನು ಶಾಸನಸಭೆ ತಳ್ಳಿಹಾಕಿತು; ಪ್ರಾಥಮಿಕ ಚುನಾವಣೆಯ ಮಸೂದೆಯನ್ನು ಸಾರಗೆಡಿಸಿ ಕಳುಹಿತು. ಲಾ ಫಾಲೆಟ್ ಅದಕ್ಕೆ ಸಹಿ ಹಾಕದೆ ಹಿಂದಿರುಗಿಸಿದನು. ಅರ್ಧ ರೊಟ್ಟಿ ತಿಂದವನಿಗೆ ಹಸಿವು ಕುಂದುತ್ತದೆ, ಆಮೇಲೆ ಪೂರ್ಣ ರೊಟ್ಟಿಯನ್ನು ಕೇಳುವ ಛಲ ಉಳಿಯುವುದಿಲ್ಲ ಎಂಬುದು ಅವನ ವಾದ. ಅವನು ಮತ್ತೆ ಹಳ್ಳಿಗಳಿಗೆ ಹೊರಟನು. ಈಗ ಅವನ ಕೈಯಲ್ಲೊಂದು ಹೊಸ ಅಸ್ತ್ರವಿತ್ತು: ಯಾವ ಮಸೂದೆಗೆ ಆ ಊರಿನ ಶಾಸಕ ಹೇಗೆ ಮತ ನೀಡಿದನೆಂಬ ಪಟ್ಟಿ. ಅದನ್ನು ಆ ಶಾಸಕನ ಊರಿನಲ್ಲಿಯೇ, ಅವನ ಮತದಾರರ ಮುಂದೆಯೇ, ಹೆಸರು ಹಿಡಿದು ಓದಿ ಹೇಳುತ್ತಿದ್ದನು. ಕೇಳುತ್ತಿದ್ದ ರೈತರಿಗೆ ಮಿಕ್ಕ ವಿವರಣೆಯ ಅಗತ್ಯವಿರಲಿಲ್ಲ. 1903ರಲ್ಲಿ ರೈಲ್ವೆಯ ಆಸ್ತಿಯ ಮೌಲ್ಯಕ್ಕೆ ತಕ್ಕ ತೆರಿಗೆ ಬಂದಿತು. 1904ರಲ್ಲಿ ಪ್ರಾಥಮಿಕ ಚುನಾವಣೆಯ ಶಾಸನವನ್ನು ಜನರು ಮತ ನೀಡಿ ಅನುಮೋದಿಸಿದರು. 1905ರಲ್ಲಿ ರೈಲ್ವೆ ದರಗಳ ಮೇಲೆ ಕಣ್ಣಿಡುವ ಆಯೋಗ ನೇಮಕವಾಯಿತು.

ಆದರೆ ಹಣವೆಂಬುದು ನೀರಿನಂತೆ. ಒಂದು ತೂಬು ಮುಚ್ಚಿದರೆ ಇನ್ನೊಂದೆಡೆ ಜಿನುಗುತ್ತದೆ. 1908ರಲ್ಲಿ ಸೆನೆಟರ್ ಸ್ಥಾನಕ್ಕೆ ನಡೆದ ಪ್ರಾಥಮಿಕ ಚುನಾವಣೆಯಲ್ಲಿ ಅದೇ ಸ್ಟೀಫನ್‌ಸನ್ ಒಂದು ಲಕ್ಷ ಡಾಲರಿಗೂ ಮೇಲೆ ವೆಚ್ಚ ಮಾಡಿ ಗೆದ್ದನು. ಕೆಲವು ನೂರು ಪ್ರತಿನಿಧಿಗಳ ಬದಲು ಇಡೀ ರಾಜ್ಯವನ್ನು ಸುತ್ತಬೇಕಾದಾಗ ಹಣವಂತನಿಗೆ ಅನುಕೂಲ ಹೆಚ್ಚೇ ಆಗಬಹುದೆಂಬುದನ್ನು ಶಾಸನ ತಂದವರು ಮುಂಗಂಡಂತೆ ತೋರುವುದಿಲ್ಲ. ಕಂಪನಿಗಳು ರಾಷ್ಟ್ರಮಟ್ಟದ ಉಮೇದುವಾರರಿಗೆ ನೇರವಾಗಿ ಹಣ ಕೊಡುವುದನ್ನು ನಿಷೇಧಿಸುವ ಶಾಸನ 1907ರಲ್ಲಿಯೇ ಬಂದಿತ್ತು. ಬಹುಕಾಲದ ಮೇಲೆ, 2010ರಲ್ಲಿ, ಕಂಪನಿಗಳು ಉಮೇದುವಾರನ ಕೈಗೆ ಕೊಡದೆ ತಾವೇ ಪ್ರಚಾರಕ್ಕೆ ವೆಚ್ಚ ಮಾಡುವುದನ್ನು ತಡೆಯಲಾಗದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

1906ರಿಂದ ಲಾ ಫಾಲೆಟ್ ಸೆನೆಟಿನ ಸದಸ್ಯ. 1912ರಲ್ಲಿ ಅವನು ಅಧ್ಯಕ್ಷ ಪದವಿಗೆ ಪಕ್ಷದ ಉಮೇದುವಾರನಾಗಲು ಹೊರಟನು. ಸುಧಾರಣಾವಾದಿಗಳು ಅವನ ಹಿಂದೆ ನಿಂತರು. ಆದರೆ ಅವರ ಕಣ್ಣು ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನ ಮೇಲಿತ್ತು. ಲಾ ಫಾಲೆಟ್ ಮೆಚ್ಚತಕ್ಕವನು, ರೂಸ್‌ವೆಲ್ಟ್ ಗೆಲ್ಲತಕ್ಕವನು ಎಂಬುದು ಅವರ ಲೆಕ್ಕಾಚಾರ. ಫೆಬ್ರವರಿಯಲ್ಲಿ ಫಿಲಡೆಲ್ಫಿಯದ ಔತಣಕೂಟವೊಂದರಲ್ಲಿ, ದಣಿದು, ಮಗಳ ಶಸ್ತ್ರಚಿಕಿತ್ಸೆಯ ಚಿಂತೆಯಲ್ಲಿದ್ದ ಲಾ ಫಾಲೆಟ್ ಎಡವಿ ಎಡವಿ ಬಹಳ ಹೊತ್ತು ಮಾತನಾಡಿದನು. ಬಿಟ್ಟುಹೋಗಲು ಕಾಯುತ್ತಿದ್ದವರಿಗೆ ಅದೇ ನೆಪವಾಯಿತು. ಅವರು ಸೇರಿದ ರೂಸ್‌ವೆಲ್ಟನ ಹೊಸ ಪಕ್ಷಕ್ಕೆ ಹಣ ಒದಗಿಸಿದ ಪ್ರಮುಖನು ಉಕ್ಕಿನ ಮಹಾಕಂಪನಿಯ ನಿರ್ದೇಶಕನಾಗಿದ್ದ ಜಾರ್ಜ್ ಪರ್ಕಿನ್ಸ್. ಗೆಲ್ಲುತ್ತಾನೆಂದು ನಂಬಿದ ರೂಸ್‌ವೆಲ್ಟನೂ ಸೋತನು. ಲಾ ಫಾಲೆಟ್ ಈ ಗಾಯವನ್ನು ಮರೆಯಲಿಲ್ಲ. ಮನ್ನಿಸುವ ಗುಣ ಅವನಲ್ಲಿ ಕಡಮೆ.

1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ವಿರುದ್ಧ ಮತವಿತ್ತ ಆರು ಸೆನೆಟರುಗಳಲ್ಲಿ ಅವನೊಬ್ಬನು. ಅವನನ್ನು ದೇಶದ್ರೋಹಿಯೆಂದು ಜರೆದರು. ತಾನು ಓದಿದ ವಿಶ್ವವಿದ್ಯಾನಿಲಯದ ಅಧ್ಯಾಪಕರೇ ನೂರುಗಟ್ಟಲೆ ಸಂಖ್ಯೆಯಲ್ಲಿ ಅವನನ್ನು ಖಂಡಿಸಿ ರುಜು ಹಾಕಿದರು. ಆದರೂ 1922ರಲ್ಲಿ ವಿಸ್ಕಾನ್ಸಿನ್ನಿನ ಜನ ಅವನನ್ನು ಮತ್ತೆ ಆರಿಸಿ ಕಳುಹಿಸಿದರು. ಅದೇ ವರ್ಷ, ನೌಕಾಪಡೆಗೆ ಮೀಸಲಾಗಿದ್ದ ತೈಲಭೂಮಿಯನ್ನು ಮಂತ್ರಿಯೊಬ್ಬನು ಗುಟ್ಟಾಗಿ ತೈಲ ಕಂಪನಿಗಳಿಗೆ ಗುತ್ತಿಗೆ ಕೊಟ್ಟುದರ ತನಿಖೆಗಾಗಿ ಸೆನೆಟಿನಲ್ಲಿ ನಿರ್ಣಯ ಮಂಡಿಸಿದವನು ಲಾ ಫಾಲೆಟ್. ಆ ಮಂತ್ರಿ, ಆಲ್ಬರ್ಟ್ ಫಾಲ್, ತೈಲೋದ್ಯಮಿಯಿಂದ ಲಂಚ ಪಡೆದುದಕ್ಕಾಗಿ ಮುಂದೆ ಸೆರೆಮನೆಗೆ ಹೋದನು.

ಈ ಹಗರಣದ ಬಿಸಿಯಲ್ಲಿಯೇ 1924ರ ಅಧ್ಯಕ್ಷ ಚುನಾವಣೆ ಬಂದಿತು. ರಿಪಬ್ಲಿಕನ್ನರ ಉಮೇದುವಾರ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್. ಡೆಮಾಕ್ರಟಿಕ್ ಪಕ್ಷದವನು, ದೊಡ್ಡ ಬ್ಯಾಂಕಿಗರ ವಕೀಲನಾಗಿದ್ದ ಜಾನ್ ಡೇವಿಸ್. ಇಬ್ಬರಲ್ಲಿ ಯಾರು ಗೆದ್ದರೂ ಗೆಲ್ಲುವುದು ಹಣವೇ ಎಂದು ಭಾವಿಸಿದ ರೈತರೂ ರೈಲ್ವೆ ಕಾರ್ಮಿಕರೂ ಅರವತ್ತೊಂಬತ್ತು ವರ್ಷದ ಲಾ ಫಾಲೆಟನನ್ನು ಕಣಕ್ಕಿಳಿಸಿದರು. ರಿಪಬ್ಲಿಕನ್ನರು ನಲವತ್ತು ಲಕ್ಷ ಡಾಲರಿಗೂ ಮೇಲೆ ವೆಚ್ಚ ಮಾಡಿದರೆ, ಇವನ ಕಡೆಯವರಿಗೆ ಕೂಡಿದುದು ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ. ಅದರಲ್ಲಿ ಬಹುಭಾಗ ಸಭೆಗಳಲ್ಲಿ ಟೋಪಿ ತಿರುಗಿಸಿ ಎತ್ತಿದ ಚಿಲ್ಲರೆ ಹಣ.

ಅವನನ್ನು ಕಾಡಿದ ದೊಡ್ಡ ಎದುರಾಳಿ ಒಂದು ವಾದ. ಮೂರನೆಯವನಿಗೆ ಹಾಕುವ ಮತ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಅದರಿಂದ ಯಾರಿಗೂ ಬಹುಮತ ಬಾರದೆ ದೇಶ ಅರಾಜಕವಾಗುತ್ತದೆ ಎಂದು ರಿಪಬ್ಲಿಕನ್ನರು ಸಾರಿದರು. ಲಾ ಫಾಲೆಟನನ್ನು ಮೆಚ್ಚುತ್ತಿದ್ದವರೂ ಅಳುಕಿದರು. ಕಾರ್ಮಿಕ ಮುಖಂಡರಲ್ಲಿ ಕೆಲವರು ಕೊನೆಯ ಗಳಿಗೆಯಲ್ಲಿ ಹಿಂದೆಗೆದರು. ಅವರ ಅಳುಕು ನಿರಾಧಾರವೆನ್ನುವಂತಿಲ್ಲ. 1912ರಲ್ಲಿ ಒಡೆದ ಮತಗಳು ಮೂರನೆಯವನನ್ನು ಗದ್ದುಗೆಗೇರಿಸಿದ್ದನ್ನು ಎಲ್ಲರೂ ಕಂಡಿದ್ದರು. ಆದರೆ ಈ ಸಲ ಎಣಿಕೆ ಬೇರೆಯೇ ಆಯಿತು. ಕೂಲಿಜನಿಗೆ ನೂರಕ್ಕೆ 54 ಮತ. ಡೇವಿಸನ ಮತಗಳೊಡನೆ ಲಾ ಫಾಲೆಟನವನ್ನು ಕೂಡಿಸಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಗೆಲ್ಲತಕ್ಕವನೆಂದು ಡೇವಿಸನಿಗೆ ಮತವಿತ್ತವರು ಗೆಲುವನ್ನೂ ಕಾಣಲಿಲ್ಲ, ಮನಸ್ಸಿಗೊಪ್ಪಿದವನಿಗೆ ಮತ ಹಾಕಿದ ತೃಪ್ತಿಯನ್ನೂ ಪಡೆಯಲಿಲ್ಲ. ಲಾ ಫಾಲೆಟನಿಗೆ ಬಂದವು 48 ಲಕ್ಷ ಮತಗಳು, ನೂರಕ್ಕೆ ಸುಮಾರು 17. ಗೆದ್ದ ರಾಜ್ಯ ಒಂದೇ, ವಿಸ್ಕಾನ್ಸಿನ್. ಪಶ್ಚಿಮದ ಹಲವು ರಾಜ್ಯಗಳಲ್ಲಿ ಅವನು ಡೇವಿಸನನ್ನು ಹಿಂದೆ ಹಾಕಿ ಎರಡನೆಯವನಾದನು.

ರಿಪಬ್ಲಿಕನ್ ಪಕ್ಷ ಅವನನ್ನೂ ಅವನ ಜೊತೆಗಾರರನ್ನೂ ಸೆನೆಟಿನ ಪಕ್ಷಸಭೆಯಿಂದ ಹೊರಗಿಟ್ಟಿತು. 1925ರ ಜೂನ್ 18ರಂದು, ಎಪ್ಪತ್ತು ತುಂಬಿದ ನಾಲ್ಕು ದಿನಗಳಿಗೆ, ಅವನು ವಾಷಿಂಗ್ಟನ್ನಿನಲ್ಲಿ ಹೃದ್ರೋಗದಿಂದ ತೀರಿಕೊಂಡನು. 1957ರಲ್ಲಿ ಸೆನೆಟಿನ ಚರಿತ್ರೆಯ ಐವರು ಶ್ರೇಷ್ಠರನ್ನು ಆರಿಸಲು ಜಾನ್ ಕೆನಡಿಯ ನೇತೃತ್ವದಲ್ಲಿ ನೇಮಕವಾದ ಸಮಿತಿ ಲಾ ಫಾಲೆಟನ ಹೆಸರನ್ನೂ ಸೇರಿಸಿತು. ಅವನು ತೆರವು ಮಾಡಿದ ಸ್ಥಾನಕ್ಕೆ ಅವನದೇ ಹೆಸರಿನ ಹಿರಿಯ ಮಗನನ್ನು ವಿಸ್ಕಾನ್ಸಿನ್ನಿನ ಜನ ಆರಿಸಿದ್ದರು. ಮಗನು ಇಪ್ಪತ್ತೊಂದು ವರ್ಷ ಅಲ್ಲಿ ಕುಳಿತನು. 1946ರಲ್ಲಿ, ತಂದೆ ಹೋರಾಡಿ ತಂದ ಪ್ರಾಥಮಿಕ ಚುನಾವಣೆಯಲ್ಲಿಯೇ, ಜೋಸೆಫ್ ಮೆಕಾರ್ಥಿ ಎಂಬ ತರುಣ ನ್ಯಾಯಾಧೀಶನ ಎದುರು ಐದು ಸಾವಿರಕ್ಕೆ ಸ್ವಲ್ಪ ಹೆಚ್ಚಿನ ಮತಗಳಿಂದ ಸೋತು ಹೊರಬಂದನು.