ನೀರಿನ ನೀಲಿ ಮತ್ತು ಸರ್ ಸಿ. ವಿ. ರಾಮನ್

ಸೂರ್ಯನಿಗೂ ಹೊಲದ ಮನೆಯ ಕಂದೀಲಿಗೂ ಸ್ವಂತ ಬೆಳಕುಂಟು. ಚಂದ್ರನಿಗಾಗಲಿ, ಕನ್ನಡಿಗಾಗಲಿ, ತಿಕ್ಕಿಟ್ಟ ಹಿತ್ತಾಳೆ ತಂಬಿಗೆಗಾಗಲಿ ಅದಿಲ್ಲ. ಅವು ಕಡ ತಂದ ಬೆಳಕಿನಿಂದ ಹೊಳೆಯುತ್ತವೆ. ಇಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಸವದತ್ತಿಯ ರೇಣುಕಾಸಾಗರದ ದಂಡೆಯಲ್ಲಿ ನಿಂತು, ಈ ನೀಲಿ ನೀರಿನದೋ ಆಕಾಶದ್ದೋ ಎಂದು ಮಗುವೊಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಅಂಥ ಪ್ರಶ್ನೆಯನ್ನು ದೊಡ್ಡವರಾದ ಮೇಲೂ ಕೇಳಿದವರು ಸರ್ ಸಿ. ವಿ. ರಾಮನ್.

ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದ್ರಾಸಿನಲ್ಲಿ ಎಂ. ಎ. ಮುಗಿಸಿ, 1907ರಲ್ಲಿ ಕಲಕತ್ತೆಯಲ್ಲಿ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಹಗಲು ಲೆಕ್ಕಪತ್ರ, ಮುಂಜಾನೆ, ಸಂಜೆ ಪ್ರಯೋಗಶಾಲೆ. ನಡುವೆ ರಂಗೂನು, ನಾಗಪುರಗಳಿಗೆ ವರ್ಗವಾದರೂ ಹಟ ಬಿಡಲಿಲ್ಲ. 1917ರಲ್ಲಿ ಆ ನೌಕರಿಯನ್ನೇ ಬಿಟ್ಟು, ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನಗೊಂದು ಸರಕಾರಿ ನೌಕರಿ ಸಿಗಲೆಂದು ಅವ್ವ ಎಲ್ಲಮ್ಮನಿಗೆ ಹರಕೆ ಹೊತ್ತಿದ್ದಾಳೆ. ಆದ್ದರಿಂದ ಅವರ ನೊಬೆಲ್ ಪಾರಿತೋಷಕಕ್ಕಿಂತ ಈ ಸಂಗತಿಯೇ ನನ್ನನ್ನು ಹೆಚ್ಚು ಕಾಡಿದೆ.

1921ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವರು ಮೆಡಿಟರೇನಿಯನ್ ಕಡಲಿನ ಕಡುನೀಲಿಯನ್ನು ಕಂಡರು. ಅದು ಬರಿಯ ಆಕಾಶದ ಪ್ರತಿಬಿಂಬವೆಂದು ಲಾರ್ಡ್ ರ‍್ಯಾಲೆಯಂಥ ಹಿರಿಯ ವಿಜ್ಞಾನಿಯೇ ಹೇಳಿದ್ದರು. ರಾಮನ್ನರಿಗೆ ಅದು ಒಪ್ಪಿಗೆಯಾಗಲಿಲ್ಲ. ಮರಳುವಾಗ ಹಡಗಿನ ಮೇಲೆ ನಿಂತು, ನಿಕಾಲ್ ಪಟ್ಟಕವೆಂಬ ಸಣ್ಣ ಸ್ಫಟಿಕವನ್ನು ಕಣ್ಣಿಗೆ ಹಿಡಿದರು. ನೀರಿನ ಮೈಮೇಲಿಂದ ಒಂದು ಗೊತ್ತಾದ ಓರೆಯಲ್ಲಿ ಪುಟಿದು ಬರುವ ಬೆಳಕನ್ನು ಅದು ತಡೆಯಬಲ್ಲದು. ಕಡ ತಂದ ಆಕಾಶ ಅಳಿಯಿತು. ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು! ಬಿಸಿಲು ನೀರಿನೊಳಕ್ಕೆ ಇಳಿದು, ಅಲ್ಲಿಯ ಅಣುಗಳಿಂದ ಚದರಿ ಮೇಲೆ ಬರುತ್ತಿತ್ತು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ನೀಲಿಗೆ ದೊಡ್ಡ ಕಾರಣವೆಂದು ಇಂದು ತಿಳಿದಿದೆ. (ಮಳೆಗಾಲದ ಮಲಪ್ರಭೆಗೆ ಈ ಮಾತು ಹತ್ತದು, ಅಲ್ಲಿ ಮಣ್ಣಿನದೇ ಬಣ್ಣ.)

ಚದರಿದ ಬೆಳಕಿನ ಬೆನ್ನು ಹತ್ತಿ ಏಳು ವರ್ಷ ಕಳೆದವು. ಅದರಲ್ಲೊಂದು ಅತಿ ಸಣ್ಣ ಪಾಲು ತನ್ನ ಬಣ್ಣವನ್ನೇ ಬದಲಿಸಿಕೊಂಡು ಬರುತ್ತದೆಂದು, ಕೆ. ಎಸ್. ಕೃಷ್ಣನ್ನರ ಜತೆಗೂಡಿ ನಡೆಸಿದ ಪ್ರಯೋಗಗಳಿಂದ 1928ರಲ್ಲಿ ಕಂಡುಕೊಂಡರು. 1930ರಲ್ಲಿ ನೊಬೆಲ್ ಬಂದಿತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಕನ್ನಡ ನಾಡಿಗೆ ಬಂದವರು ಇಲ್ಲಿಯೇ ಉಳಿದರು. ಮುಂದೆ ಅದೇ ಊರಿನಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅದರ ತೋಟದಲ್ಲಿಯೇ ದಹನವಾಯಿತು. ಆ ಜಾಗದಲ್ಲಿ ಗುಡಿಯಿಲ್ಲ, ಗೋರಿಯಿಲ್ಲ. ಒಂದು ಗಿಡ ನೆಟ್ಟರು.