ಬರ್ತಾ ಬೆಂಜ್ ಬಿಗಿದ ಗಾರ್ಟರ್, ಮಳೆಗೆ ಜರ್ಕ್ ಹೊಡೆಯುವ ನಿಮ್ಮ ಕಾರು

ರಾತ್ರಿಯೆಲ್ಲಾ ಮಳೆ. ಬೆಳಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡೋಣ ಅಂತ ಹೊರಡ್ತೀರಿ. ವೈಟ್‌ಫೀಲ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಕಾರು ಗಡಗಡ ನಡುಗುತ್ತೆ, ಎಕ್ಸಲರೇಟರ್ ಒತ್ತಿದರೆ ಕೆಮ್ಮುತ್ತೆ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತೆ. ಮೆಕ್ಯಾನಿಕ್ ಮುಂದೆ ತೊಂದರೆ ಕಾಣೋದೇ ಇಲ್ಲ. ಕೊನೆಗೆ ಮನೆಯಲ್ಲಿ, ಕ್ಲಚ್ ಬಿಡೋಕೆ ಬರಲ್ಲ ಅಂತ ನಿಮ್ಮ ಮೇಲೇ ತಪ್ಪು!

ಬೇಜಾರಾಗಬೇಡಿ. ಜರ್ಮನಿಯ ಒಬ್ಬ ಗೃಹಿಣಿಯ ಕಥೆ ಕೇಳಿ. ಬರ್ತಾ ಹುಟ್ಟಿದ್ದು 1849ರಲ್ಲಿ, ಫೋರ್ಟ್ಸ್‌ಹೈಮ್ ಎಂಬ ಊರಲ್ಲಿ. ಮದುವೆಗೆ ಮೊದಲೇ ತನ್ನ ಪಾಲಿನ ಹಣವನ್ನು ತವರಿನಿಂದ ಕೇಳಿ ಪಡೆದು, ಕಾರ್ಲ್ ಬೆಂಜ್ ತನ್ನ ವರ್ಕ್‌ಶಾಪಿನ ಪಾಲುದಾರನನ್ನು ಬಿಡಿಸಿಕೊಳ್ಳಲು ಕೊಟ್ಟಳು. 1872ರಲ್ಲಿ ಮದುವೆ. 1886ರಲ್ಲಿ ಕಾರಿಗೆ ಪೇಟೆಂಟ್ ಸಿಕ್ಕಿತು. ಆದರೆ ಕೊಳ್ಳುವವರೇ ಇಲ್ಲ. ಹಾಕಿದ ದುಡ್ಡೆಲ್ಲಾ ಮುಳುಗುವ ಹಾಗಿತ್ತು.

1888ರ ಆಗಸ್ಟ್‌ನ ಒಂದು ಬೆಳಗ್ಗೆ ಆಕೆ ಗಂಡನಿಗೆ ಹೇಳದೆ, 15 ಮತ್ತು 13ರ ಹರೆಯದ ಇಬ್ಬರು ಗಂಡು ಮಕ್ಕಳನ್ನು ಕೂರಿಸಿಕೊಂಡು, ಮೂರು ಚಕ್ರದ ಆ ಕಾರಿನಲ್ಲಿ ಮ್ಯಾನ್‌ಹೈಮ್‌ನಿಂದ ತವರಿಗೆ ಹೊರಟೇಬಿಟ್ಟಳು. ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಂಧನ ಮುಗಿದಾಗ ವೀಸ್‌ಲೋಕ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಪೈಪ್ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕಿಗೆ ಚಮ್ಮಾರನಿಂದ ತೊಗಲು ಹಾಕಿಸಿದಳು. ಇಗ್ನಿಷನ್ ವೈರಿನ ಹೊದಿಕೆ ಸವೆದಾಗ ಕಾಲುಚೀಲ ಬಿಗಿಯುವ ಗಾರ್ಟರ್ ಬಿಚ್ಚಿ ಅದಕ್ಕೇ ಸುತ್ತಿದಳು! ಸಂಜೆಗೆ ತವರು ಮುಟ್ಟಿ ಗಂಡನಿಗೆ ಟೆಲಿಗ್ರಾಂ ಕಳಿಸಿದಳು.

ನಿಮ್ಮ ಕಾರಿನ ರೋಗವೂ ಬಹುಪಾಲು ಆ ವೈರಿನದೇ. ಪ್ಲಗ್ಗಿನಲ್ಲಿ ಕಿಡಿ ಹಾರಲು ಸಾವಿರಾರು ವೋಲ್ಟ್ ಬೇಕು. ಇಂಜಿನ್ ಬಿಸಿಗೆ ವೈರಿನ ರಬ್ಬರ್ ವರ್ಷಗಟ್ಟಲೆ ಬೆಂದು ಸಣ್ಣಗೆ ಬಿರುಕು ಬಿಡುತ್ತೆ. ಒಣ ಹವೆಯಲ್ಲಿ ಗೊತ್ತಾಗಲ್ಲ. ತೇವ ಕೂತರೆ ಕರೆಂಟು ಪ್ಲಗ್ಗಿಗೆ ಹೋಗದೆ ಪಕ್ಕದ ಕಬ್ಬಿಣಕ್ಕೆ ಸೋರುತ್ತೆ. ಆ ಸಿಲಿಂಡರ್ ಉರಿಯಲ್ಲ, ಕಾರು ನಡುಗುತ್ತೆ. ಹೊಸ ಕಾರುಗಳಲ್ಲಿ ಉದ್ದ ವೈರಿಲ್ಲ, ಪ್ರತಿ ಪ್ಲಗ್ಗಿನ ಮೇಲೂ ಒಂದು ಕಾಯಿಲ್. ಅದರ ರಬ್ಬರ್ ಟೋಪಿ ಹರಿದಿದ್ದರೆ, ಇಲ್ಲವೇ ವಾಟರ್ ವಾಷ್ ನೀರು ಪ್ಲಗ್ಗಿನ ಗುಳಿಯಲ್ಲಿ ನಿಂತಿದ್ದರೆ ಇದೇ ಕಾಟ. (ಡೀಸೆಲ್ ಕಾರಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಹಾಗಾಗಿ ಇದು ಪೆಟ್ರೋಲ್ ಕಾರಿನವರಿಗೆ.)

ವೈರಿರುವ ಹಳೆ ಕಾರಾದರೆ ಕತ್ತಲಾದ ಮೇಲೆ ಗೇಟಿನೊಳಗೆ ಬಯಲಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಿಸಿ, ಬಾನೆಟ್ ಎತ್ತಿ ನೋಡಿ. ವೈರಿನ ಮೇಲೆ ನೀಲಿ ಕಿಡಿ ಮಿನುಗಿದರೆ, ಟಿಕ್ ಟಿಕ್ ಸದ್ದು ಬಂದರೆ ಕಳ್ಳ ಸಿಕ್ಕ ಹಾಗೆ. ಖಂಡಿತ ಮುಟ್ಟಬೇಡಿ, ಸೆರಗು, ದುಪಟ್ಟಾ ಫ್ಯಾನಿನಿಂದ ದೂರವಿರಲಿ. ಇನ್ನೊಂದು ದಾರಿ: ಇಂಜಿನ್ ಆಫ್ ಆಗಿ ತಣ್ಣಗಿರುವಾಗ ವೈರುಗಳನ್ನು ಒಣ ಬಟ್ಟೆಯಿಂದ ಒರೆಸಿ. ಆಮೇಲೆ ಸರಿಹೋದರೆ ತೇವವೇ ಕಾರಣ. ಬಿಸಿಲಲ್ಲೂ ಅಷ್ಟೇ ನಡುಗಿದರೆ ಪ್ಲಗ್, ಇಂಜೆಕ್ಟರ್, ಏರ್ ಫಿಲ್ಟರ್ ನೋಡಿಸಬೇಕು. ಮೆಕ್ಯಾನಿಕ್ಕಿಗೆ ಮಳೆಯಲ್ಲಿ ಮಾತ್ರ, ತಣ್ಣಗಿದ್ದಾಗ ಮಾತ್ರ ಅಂತ ಬಿಡಿಸಿ ಹೇಳಿ, ಅರ್ಧ ಬಿಲ್ ಉಳಿದೀತು. ಇಂಜಿನ್ ಲೈಟ್ ಮಿಣುಕುತ್ತಿದ್ದರೆ ಮಾತ್ರ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಟ್ಟುಬಿಡುತ್ತೆ, ಅದರ ಬೆಲೆ ವೈರಿಗಿಂತ ಎಷ್ಟೋ ಪಟ್ಟು. ಅಂಡರ್‌ಪಾಸ್ ನೀರಲ್ಲಿ ಇಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಇಳಿದು ಮಕ್ಕಳನ್ನು ಕರೆದುಕೊಂಡು ಎತ್ತರಕ್ಕೆ ಹೋಗಿ, ಕಾರನ್ನು ಟೋ ಮಾಡಿಸಿ.

ಬರ್ತಾಳ ಪಯಣ ಸುದ್ದಿಯಾಯಿತು. ಏರು ದಾರಿಯಲ್ಲಿ ಮಕ್ಕಳು ಇಳಿದು ತಳ್ಳಬೇಕಾಗಿತ್ತಲ್ಲ, ಕಾರ್ಲ್ ಅದಕ್ಕಾಗಿ ಇನ್ನೊಂದು ಗೇರ್ ಸೇರಿಸಿದ. ಆತ 1929ರಲ್ಲಿ ತೀರಿಕೊಂಡ. 1944ರಲ್ಲಿ, 95ನೇ ಹುಟ್ಟುಹಬ್ಬದಂದು, ಕಾರ್ಲ್ಸ್‌ರುಹೆಯ ತಾಂತ್ರಿಕ ವಿಶ್ವವಿದ್ಯಾಲಯ ಬರ್ತಾಳಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಎರಡೇ ದಿನಕ್ಕೆ ಆಕೆ ಕಣ್ಣು ಮುಚ್ಚಿದಳು. ಆ ಬೆಂಜ್ ಹೆಸರಿನ ಸಂಶೋಧನಾ ಕೇಂದ್ರವೊಂದು ಈಗ ನಮ್ಮ ವೈಟ್‌ಫೀಲ್ಡಿನಲ್ಲೇ ಇದೆ.